ಇಮ್ಜಾ ಸರೋವರದ ಗೇಟಿಗೆ ದುಡ್ಡು ಕೊಟ್ಟವರು ಯಾರು? ನೇಪಾಳದಂಥ ಬೆಟ್ಟದ ದೇಶಕ್ಕೆ ಹವಾಮಾನ ಒಪ್ಪಂದಗಳಿಂದ ಸಿಗುವುದೇನು?

ಹಿಮದಾರಿ

ಕಳೆದ ವಸಂತದಲ್ಲಿ ನೇಪಾಳದ ಖುಂಬು ಕಣಿವೆಯಲ್ಲಿ ಚಾರಣ ಮಾಡಿದೆ. ಚುಖುಂಗ್‌ನಲ್ಲಿ ಒಂದು ದಿನ ಹೆಚ್ಚಿಗೆ ಉಳಿದು ಇಮ್ಜಾ ಸರೋವರದ ದಂಡೆಯವರೆಗೂ ಹೋಗಿಬಂದೆ. ಹಿಮನದಿ ಕರಗಿ ನಿಂತ ನೀರು ಅದು, ದಂಡೆ ಒಡೆದರೆ ಕೆಳಗಿನ ಊರುಗಳಿಗೆ ಪ್ರವಾಹ. ಐದು ಸಾವಿರ ಮೀಟರ್ ಎತ್ತರ. ನಾಲ್ಕು ಹೆಜ್ಜೆ ಇಟ್ಟರೆ ಎದೆ ಹೊಡೆದುಕೊಳ್ಳುತ್ತದೆ. ಸುತ್ತ ಕಣ್ಣು ಹಾಯಿಸಿದಷ್ಟೂ ಬೂದು ಬಣ್ಣದ ಕಲ್ಲು ಮಣ್ಣಿನ ರಾಶಿ. ಅದರ ನಡುವೆ ನೀರು ಹೊರಬೀಳುವ ಜಾಗದಲ್ಲಿ ಮಾತ್ರ ಅಚ್ಚುಕಟ್ಟಾಗಿ ಕಲ್ಲು ಕಟ್ಟಿದ ಕಾಲುವೆ, ಅದಕ್ಕೊಂದು ಕಬ್ಬಿಣದ ಗೇಟು. 2016ರಲ್ಲಿ ನೇಪಾಳದ ಸೇನೆಯವರು ಇದನ್ನು ಕಟ್ಟಿ ಸರೋವರದ ನೀರನ್ನು ಮೂರು ಮೀಟರಿಗಿಂತ ಹೆಚ್ಚು ಇಳಿಸಿದರು ಎಂದು ಜೊತೆಗಿದ್ದ ಮಾರ್ಗದರ್ಶಿ ಹೇಳಿದ. ಕೆಳಗಿನ ಊರುಗಳಲ್ಲಿ ಕಂಬಗಳ ಮೇಲೆ ಕೂರಿಸಿದ್ದ ಸೈರನ್‌ಗಳೂ ಅದೇ ಯೋಜನೆಯವಂತೆ. ದುಡ್ಡು ಯಾರದು ಎಂದು ಕೇಳಿದೆ. "ಹೊರಗಿನದು" ಎಂದಷ್ಟೇ ಹೇಳಿ ಮುಂದೆ ನಡೆದ.

ಆ "ಹೊರಗಿನದು" ಎಂಬ ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ. ಪ್ರತಿ ವರ್ಷ ಹವಾಮಾನ ಶೃಂಗಸಭೆಯ ಸುದ್ದಿ ಓದುತ್ತೇವೆ, ಮರೆಯುತ್ತೇವೆ. ಆ ಸಭೆಗಳಲ್ಲಿ ಬೀಳುವ ಸಹಿಗೂ ಈ ಗೇಟಿಗೂ ಏನು ಸಂಬಂಧ? ಒಂದು ಬಡ ಬೆಟ್ಟದ ದೇಶ ಈ ಒಪ್ಪಂದಗಳಿಂದ ನಿಜವಾಗಿ ಏನನ್ನು ಪಡೆಯಬಹುದು? ತಿಳಿದವರು ಹೇಳಿ.

ಮೂರನೇಬೆಂಚು

ಏನೂ ಸಿಗುವುದಿಲ್ಲ. ಬೇಕಾದರೆ ಇಲ್ಲಿಗೇ ಚರ್ಚೆ ಮುಗಿಸಬಹುದು.

ಜಗತ್ತಿನ ಹೊರಸೂಸುವಿಕೆಯಲ್ಲಿ ನೇಪಾಳದ ಪಾಲು ಶೇ 0.1ರ ಆಸುಪಾಸು. ಹಿಮ ಕರಗಿಸಿದವರು ಬೇರೆಯವರು, ಪ್ರವಾಹದಲ್ಲಿ ಕೊಚ್ಚಿಹೋಗುವವರು ಇವರು. ಶ್ರೀಮಂತ ದೇಶಗಳು 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು 2009ರಲ್ಲಿ ಮಾತು ಕೊಟ್ಟವು. ಅವರದೇ ಲೆಕ್ಕದ ಪ್ರಕಾರ ಆ ಮಾತು ಈಡೇರಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲ. ಮನೆಗೆ ಬೆಂಕಿ ಹಚ್ಚಿದವನೇ ಬಂದು ನೀರು ತರಲು ಕೊಡವನ್ನು ಬಡ್ಡಿಗೆ ಕೊಟ್ಟ ಹಾಗೆ. ಈಗ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದು 2024ರ ಬಾಕು ಶೃಂಗಸಭೆಯಲ್ಲಿ ಹೊಸ ಮಾತು ಕೊಟ್ಟಿದ್ದಾರೆ. ನಂಬುವವರು ನಂಬಿಕೊಳ್ಳಲಿ.

ಕಡತ

ಹಿಮದಾರಿಯವರೇ, ನಾನು ಕೆಲವು ವರ್ಷ ಕಾಠ್ಮಂಡುವಿನಲ್ಲಿದ್ದು ಇಂಥ ಯೋಜನೆಗಳ ಪ್ರಸ್ತಾವನೆ ಬರೆಯುವ ಕೆಲಸ ಮಾಡಿದವನು. ಹಾಗಾಗಿ ಆ "ಹೊರಗಿನ" ದುಡ್ಡಿನ ಊರು, ಹೆಸರು ಹೇಳಬಲ್ಲೆ. 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಅಡಿಯಲ್ಲಿ ಅತಿ ಹಿಂದುಳಿದ ದೇಶಗಳಿಗೆಂದೇ ಒಂದು ನಿಧಿ ಇದೆ. ಜಾಗತಿಕ ಪರಿಸರ ಸೌಲಭ್ಯ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಆ ನಿಧಿಯ ದುಡ್ಡು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ನೇಪಾಳಕ್ಕೆ ಬಂತು. ನೀವು ನೋಡಿದ ಗೇಟು ಅದರದ್ದು. ಸಾಲವಲ್ಲ, ಅನುದಾನ. ಆದ್ದರಿಂದ ಏನೂ ಸಿಗುವುದಿಲ್ಲ ಎಂಬ ಮಾತು ಸರಿಯಲ್ಲ.

ಆದರೆ ಮೂರನೇಬೆಂಚು ಅವರ ಸಿಟ್ಟಿಗೆ ಬೇರೆಯೇ ಒಂದು ಕಾರಣವನ್ನು ನಾನು ಕೊಡುತ್ತೇನೆ. ಈ ನಿಧಿಗಳ ಬಾಗಿಲಲ್ಲಿ "ನೀನು ಯಾವ ಗುಂಪಿನವನು?" ಎಂದು ಮೊದಲು ಕೇಳುತ್ತಾರೆ. ಅತಿ ಹಿಂದುಳಿದ ದೇಶವೇ? ಸಣ್ಣ ದ್ವೀಪ ದೇಶವೇ? ಆಫ್ರಿಕಾದ ದೇಶವೇ? ದಕ್ಷಿಣ ಕೊರಿಯಾದ ಸಾಂಗ್ಡೊದಲ್ಲಿರುವ ಹಸಿರು ಹವಾಮಾನ ನಿಧಿ, ಹೊಂದಾಣಿಕೆ (ಬದಲಾದ ಹವಾಮಾನದ ಹೊಡೆತ ತಡೆದುಕೊಳ್ಳುವ) ಕೆಲಸಗಳಿಗೆಂದು ಇಟ್ಟ ಹಣದಲ್ಲಿ ಅರ್ಧವನ್ನಾದರೂ ಈ ಮೂರು ಗುಂಪುಗಳಿಗೆ ಕೊಡುವ ಗುರಿ ಇಟ್ಟುಕೊಂಡಿದೆ. ಬೆಟ್ಟದ ದೇಶ ಎಂಬ ಗುಂಪು ಅಲ್ಲಿ ಇಲ್ಲ. 1992ರ ಒಪ್ಪಂದದ 4ನೇ ವಿಧಿಯ 8ನೇ ಉಪವಿಧಿಯಲ್ಲಿ, ವಿಶೇಷ ಗಮನ ಬೇಕಾದವರ ಪಟ್ಟಿಯಲ್ಲಿ, ಪರ್ವತ ಪ್ರದೇಶಗಳಂಥ ಸೂಕ್ಷ್ಮ ಪರಿಸರವಿರುವ ದೇಶಗಳ ಹೆಸರಿದೆ, ಸಮುದ್ರ ತೀರವಿಲ್ಲದ ದೇಶಗಳ ಹೆಸರೂ ಇದೆ. ಕಾಗದದಲ್ಲಿದ್ದದ್ದು ತಿಜೋರಿಯ ತನಕ ಹೋಗಲಿಲ್ಲ, ಅಷ್ಟೇ. ದ್ವೀಪಗಳವರು 1990ರಲ್ಲೇ ಒಕ್ಕೂಟ ಕಟ್ಟಿಕೊಂಡು ಒಂದೇ ದನಿಯಲ್ಲಿ ಮಾತಾಡಿದರು. ಬೆಟ್ಟದವರು ತಮ್ಮ ತಮ್ಮ ಕಣಿವೆಯಲ್ಲೇ ಉಳಿದರು.

ನೇಪಾಳಕ್ಕೆ ಇಷ್ಟು ದಿನ ಸಿಕ್ಕಿದ್ದು ಬೆಟ್ಟದ ದೇಶವೆಂದಲ್ಲ, ಅತಿ ಹಿಂದುಳಿದ ದೇಶವೆಂದು. ಆ ಹಣೆಪಟ್ಟಿ ಕಳಚುವ ದಿನವೂ ಗೊತ್ತಾಗಿದೆ: 2026ರ ನವೆಂಬರ್ 24. ಭೂತಾನ್ 2023ರ ಡಿಸೆಂಬರ್‌ನಲ್ಲೇ ಆ ಪಟ್ಟಿಯಿಂದ ಹೊರಬಂತು. ಹೊರಬರುವುದು ಹೆಮ್ಮೆಯ ವಿಷಯವೇ. ಆದರೆ ಹೊರಬಂದ ಮೇಲೆ ಇಮ್ಜಾದಂಥ ಇನ್ನೊಂದು ಹೊಸ ಕೆಲಸಕ್ಕೆ ಆ ನಿಧಿಯ ಬಾಗಿಲು ತೆರೆಯುವುದಿಲ್ಲ. ಸರೋವರಕ್ಕೆ ಇದಾವುದೂ ತಿಳಿಯದು, ಅದು ತನ್ನ ಪಾಡಿಗೆ ತುಂಬುತ್ತಿರುತ್ತದೆ.

ಸಂಜೆಗಾಳಿ

ಸಣ್ಣ ಪ್ರಶ್ನೆ. ಇಂಥ ಅಪಾಯದ ಸರೋವರಗಳು ಎಷ್ಟಿವೆ? ಇಮ್ಜಾ ಒಂದೇ ಅಲ್ಲವಲ್ಲ?

ಕಡತ

ಲಲಿತಪುರದಲ್ಲಿ ಇಸಿಮೋಡ್ ಎಂಬ ಪರ್ವತ ಅಧ್ಯಯನ ಕೇಂದ್ರವಿದೆ. ಅದೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವೂ ಸೇರಿ 2020ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಕೋಶಿ, ಗಂಡಕಿ, ಕರ್ನಾಲಿ ನದಿಗಳ ಜಲಾನಯನದಲ್ಲಿ ಒಡೆಯಬಹುದಾದ ಸರೋವರಗಳು 47. ನೇಪಾಳದೊಳಗಿರುವುದು 21, ಭಾರತದಲ್ಲಿ 1, ಉಳಿದ 25 ಚೀನಾದ ಟಿಬೆಟ್‌ನಲ್ಲಿ. ನೇಪಾಳದಲ್ಲಿ ನೀರು ಇಳಿಸಿದ ದೊಡ್ಡ ಉದಾಹರಣೆಗಳೆಂದರೆ 2000ದಲ್ಲಿ ತ್ಸೊ ರೊಲ್ಪಾ, 2016ರಲ್ಲಿ ಇಮ್ಜಾ.

ಆ 25 ಎಂಬ ಸಂಖ್ಯೆಯ ಮೇಲೆ ಸ್ವಲ್ಪ ನಿಲ್ಲಿ. 2025ರ ಜುಲೈ 8ರಂದು ರಸುವಾಗಢಿಯಲ್ಲಿ ಭೋಟೆಕೋಶಿ ಉಕ್ಕಿ ನೇಪಾಳ–ಚೀನಾ ಸ್ನೇಹ ಸೇತುವೆಯನ್ನೇ ಹೊತ್ತೊಯ್ದಿತು. ಗಡಿಯಾಚೆ ಹಿಮನದಿಯ ಬೆನ್ನ ಮೇಲೆ ನಿಂತಿದ್ದ ಕೊಳ ಬರಿದಾದದ್ದು ಅದಕ್ಕೆ ಕಾರಣ. ನಿಧಿಗಳು ದುಡ್ಡು ಕೊಡುವುದು ಒಂದು ದೇಶದ ಹೆಸರಿಗೆ. ಇಲ್ಲಿ ಅಪಾಯ ಹುಟ್ಟುವುದು ಒಂದು ದೇಶದಲ್ಲಿ, ಹೊಡೆತ ಬೀಳುವುದು ಇನ್ನೊಂದರಲ್ಲಿ. ಮೇಲಿನವರು ಫೋನ್ ಮಾಡಿ ಹೇಳಿದರೆ ಮಾತ್ರ ಕೆಳಗಿನವರಿಗೆ ಗೊತ್ತಾಗಬೇಕು.

ಲೆಕ್ಕಿಗ

ಅನುದಾನದ ಮಾತಾಯಿತು, ವ್ಯಾಪಾರದ ಮಾತನ್ನೂ ಆಡೋಣ. ಒಪ್ಪಂದದಿಂದ ನೇಪಾಳ ಮೊದಲು ದುಡಿದದ್ದು ಹಿಮದಿಂದಲ್ಲ, ಸಗಣಿಯಿಂದ!

ಹೇಳುವುದು ತಮಾಷೆಗಲ್ಲ. ಶ್ರೀಮಂತ ದೇಶಗಳಿಗೆ ಮಾತ್ರ ಹೊಗೆ ಇಳಿಸುವ ಗುರಿ ಇಟ್ಟಿದ್ದ 1997ರ ಕ್ಯೋಟೊ ಶಿಷ್ಟಾಚಾರದ ಕಾಲದಲ್ಲಿ ಬಡ ದೇಶದಲ್ಲಿ ಹೊಗೆ ಕಡಿಮೆ ಮಾಡುವ ಕೆಲಸ ನಡೆದರೆ, ಉಳಿತಾಯವಾದ ಒಂದೊಂದು ಟನ್ನನ್ನೂ ಶ್ರೀಮಂತ ದೇಶಕ್ಕೆ ಮಾರಬಹುದಿತ್ತು. ನೇಪಾಳದ ಗೋಬರ್ ಗ್ಯಾಸ್ ಯೋಜನೆ 2005ರ ಕೊನೆಯಲ್ಲೇ ಅದರಲ್ಲಿ ನೋಂದಣಿಯಾಯಿತು. ಚಿತವನ ಕಡೆಯ ಒಂದು ಮನೆಯಲ್ಲಿ ನಾನು ನೋಡಿದ್ದೇನೆ. ಕೊಟ್ಟಿಗೆಯ ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ, ಮನೆಯಾಕೆ ಒಂದು ಬುಟ್ಟಿ ಸಗಣಿಗೆ ಅಷ್ಟೇ ನೀರು ಸುರಿದು ಹಿಡಿಕೆ ತಿರುಗಿಸಿ ಕದಡುತ್ತಾಳೆ. ನೆಲದಡಿಯ ಗುಮ್ಮಟದಲ್ಲಿ ಹುಟ್ಟಿದ ಅನಿಲ ಒಂದು ಕೊಳವೆಯಲ್ಲಿ ಒಲೆಗೆ ಬರುತ್ತದೆ. ಆಕೆ ನನಗೆ ತೋರಿಸಿದ್ದು ನೀಲಿ ಉರಿಯನ್ನಲ್ಲ, ಪಾತ್ರೆಯ ತಳವನ್ನು. ಮಸಿ ಇಲ್ಲದ ತಳ. ಇಂಥ ಸ್ಥಾವರಗಳು ದೇಶದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚಿವೆ.

ಕಾರ್ಬನ್ ಮಾರಿದ ದುಡ್ಡು ನನ್ನ ಕೈಗೆ ಬಂತು ಎಂದು ಆಕೆ ಹೇಳಲಿಲ್ಲ. ಅದು ಸರ್ಕಾರದ ಪರ್ಯಾಯ ಇಂಧನ ಕೇಂದ್ರಕ್ಕೆ ಹೋಗಿ ಈ ಕಾರ್ಯಕ್ರಮದಲ್ಲೇ ಮತ್ತೆ ತೊಡಗುತ್ತದೆ. ಸರಿಯೋ ತಪ್ಪೋ ವಾದ ಮಾಡಬಹುದು. ನನಗಂತೂ ಸರಿ ಅನ್ನಿಸುತ್ತದೆ. ಮನೆಮನೆಗೆ ಹಂಚಿದ್ದರೆ ಬಿಡಿಗಾಸು, ಒಟ್ಟಾಗಿಟ್ಟರೆ ಇನ್ನೊಂದು ಊರಿಗೆ ಒಲೆ.

ಮೂರನೇಬೆಂಚು

ಅಂದರೆ ಚಿತವನದ ಆಕೆ ಸಗಣಿ ಕಲಸಿದ್ದಕ್ಕೆ ಯುರೋಪಿನವರು ಕಾರು ಓಡಿಸುತ್ತಾರೆ. ಒಳ್ಳೆಯ ವ್ಯಾಪಾರ!

ಲೆಕ್ಕಿಗ

ಮಾತು ಕಹಿಯಾದರೂ ಒಪ್ಪುತ್ತೇನೆ. ಕ್ಯೋಟೊ ನಂತರ 2015ರಲ್ಲಿ ಬಂದ ಪ್ಯಾರಿಸ್ ಒಪ್ಪಂದದ 6ನೇ ವಿಧಿಯಲ್ಲಿ ಈ ಮಾರಾಟ ಇನ್ನೂ ಬಿಗಿಯಾಗಿದೆ. ಕ್ಯೋಟೊ ಕಾಲದಲ್ಲಿ ನೇಪಾಳಕ್ಕೆ ತನ್ನದೇ ಗುರಿ ಎಂಬುದು ಇರಲಿಲ್ಲ, ಮಾರಿದರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಈಗ ಪ್ರತಿ ದೇಶಕ್ಕೂ ತಾನೇ ಘೋಷಿಸಿದ ಗುರಿ ಇದೆ. ನೇಪಾಳ 2045ರ ಹೊತ್ತಿಗೆ ನಿವ್ವಳ ಶೂನ್ಯಕ್ಕೆ (ಹೊರಬಿಟ್ಟಷ್ಟನ್ನೇ ಹೀರಿಕೊಳ್ಳುವ ಸ್ಥಿತಿಗೆ) ಬರುತ್ತೇನೆ ಎಂದಿದೆ. ಈಗ ಒಂದು ಟನ್ ಉಳಿತಾಯವನ್ನು ಬೇರೆ ದೇಶಕ್ಕೆ ಮಾರಿದರೆ ಅದನ್ನು ತನ್ನ ಲೆಕ್ಕದ ಪುಸ್ತಕದಿಂದ ಹೊಡೆದುಹಾಕಬೇಕು. ಒಂದೇ ಆಕಳನ್ನು ಮಾರಲೂಬಹುದು, ಹಾಲನ್ನೂ ಕರೆದುಕೊಳ್ಳಬಹುದು ಎನ್ನುವಂತಿಲ್ಲ.

ಇಲ್ಲೇ ಜಾಣತನ ಬೇಕಾಗುವುದು. ಒಲೆ, ಗೋಬರ್ ಗ್ಯಾಸ್‌ನಂಥ ಅಗ್ಗದ ಕೆಲಸಗಳ ಉಳಿತಾಯವನ್ನೆಲ್ಲ ಮೊದಲೇ ಅಗ್ಗಕ್ಕೆ ಮಾರಿಬಿಟ್ಟರೆ, 2040ರಲ್ಲಿ ತನ್ನ ಗುರಿಗೆಂದು ಉಳಿಯುವುದು ಸಿಮೆಂಟ್ ಕಾರ್ಖಾನೆಯಂಥ ದುಬಾರಿ ಕೆಲಸ. ನಾನು ಆ ಸರ್ಕಾರದ ಸಲಹೆಗಾರನಾಗಿದ್ದರೆ (ಯಾರೂ ಕರೆದಿಲ್ಲ) ಹೇಳುತ್ತಿದ್ದೆ: ಹೊರಗಿನ ನೆರವಿಲ್ಲದೆ ಆಗುವುದನ್ನು ಮಾರಬೇಡಿ, ಅದನ್ನು ನಿಮ್ಮ ಲೆಕ್ಕಕ್ಕೇ ಇಟ್ಟುಕೊಳ್ಳಿ. ನೆರವಿಲ್ಲದೆ ಆಗದೇ ಇರುವುದನ್ನು ಮಾತ್ರ ಮಾರಿ, ಬೆಲೆಯನ್ನು ನೀವೇ ಹೇಳಿ.

ಅಡವಿ

ಬೆಲೆಯ ಮಾತು ಬಂದದ್ದರಿಂದ ಕಾಡಿನ ವಿಷಯ ಹೇಳುತ್ತೇನೆ. ನೇಪಾಳ 2021ರಲ್ಲಿ ವಿಶ್ವಬ್ಯಾಂಕಿನ ಅರಣ್ಯ ಕಾರ್ಬನ್ ನಿಧಿಯ ಜೊತೆ ಸಹಿ ಹಾಕಿತು. ದಕ್ಷಿಣದ ಬಯಲಾದ ತರಾಯಿಯ 13 ಜಿಲ್ಲೆಗಳ ಕಾಡು, ಅದನ್ನು ಉಳಿಸಿ ತಪ್ಪಿಸುವ 90 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್, ಅದಕ್ಕೆ ಹೆಚ್ಚೆಂದರೆ 4.5 ಕೋಟಿ ಡಾಲರ್. ಭಾಗಿಸಿ ನೋಡಿ: ಟನ್ನಿಗೆ 5 ಡಾಲರ್.

ಬೆಲೆಗಿಂತ ನನಗೆ ಹೆಚ್ಚು ಚುಚ್ಚುವುದು ಅಳೆಯುವ ಕ್ರಮ. ನೇಪಾಳದ ಮಧ್ಯಬೆಟ್ಟಗಳು ಎಪ್ಪತ್ತರ ದಶಕದಲ್ಲಿ ಬೋಳಾಗಿದ್ದವು. 1993ರ ಅರಣ್ಯ ಕಾಯ್ದೆ ಕಾಡಿನ ಉಸ್ತುವಾರಿಯನ್ನು ಊರಿನ ಬಳಕೆದಾರರ ಗುಂಪುಗಳಿಗೆ ಬಿಟ್ಟುಕೊಟ್ಟಿತು. ಈಗ ಅಂಥ ಗುಂಪುಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಸರದಿಯ ಮೇಲೆ ಕಾವಲು, ಹುಲ್ಲು ಕೊಯ್ಯಲು ಇಂತಿಷ್ಟೇ ದಿನ, ತಪ್ಪಿದರೆ ದಂಡ. ತೊಂಬತ್ತರ ದಶಕದಲ್ಲಿ ದೇಶದ ಕಾಲು ಭಾಗದಷ್ಟಿದ್ದ ಕಾಡು 2016ರ ಹೊತ್ತಿಗೆ ಶೇ 45ರ ಸಮೀಪಕ್ಕೆ ಬಂದಿತ್ತು. ಆದರೆ ಈ ನಿಧಿಗಳು ಕೇಳುವುದು "ಗೊತ್ತುಪಡಿಸಿದ ವರ್ಷದಿಂದ ಈಚೆಗೆ ಎಷ್ಟು ನಾಶ ತಪ್ಪಿಸಿದೆ?" ಎಂದು. ಅದಕ್ಕೂ ಮೊದಲೇ ಕಾಡು ಬೆಳೆಸಿದವನ ಬೆವರು ಲೆಕ್ಕಕ್ಕಿಲ್ಲ. ಭೂತಾನಂತೂ ಶೇ 60 ಕಾಡು ಸದಾ ಇರಲೇಬೇಕೆಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ. ಕಡಿಯದವನಿಗೆ ಕಡಿಯುವುದನ್ನು ಬಿಟ್ಟದ್ದಕ್ಕೆಂದು ಇಟ್ಟ ಬಹುಮಾನ ಸಿಗುವುದು ಹೇಗೆ? ಕುಡುಕ ಕುಡಿತ ಬಿಟ್ಟರೆ ಊರೆಲ್ಲ ಹಾರ ಹಾಕುತ್ತದೆ, ಹುಟ್ಟಿದಾಗಿನಿಂದ ಕುಡಿಯದವನನ್ನು ಕೇಳುವವರಿಲ್ಲ.

ಸಂಜೆಗಾಳಿ

ಹಾಗಾದರೆ ಭೂತಾನ್ ಏನು ಮಾಡಿತು?

ಅಡವಿ

ಬೇರೆ ದಾರಿ ಹಿಡಿಯಿತು. ಟನ್ ಲೆಕ್ಕದ ಗೊಡವೆಗೆ ಹೋಗದೆ, ಸಂರಕ್ಷಿತ ಅರಣ್ಯಗಳ ವೆಚ್ಚಕ್ಕೆ "ಭೂತಾನ್ ಫಾರ್ ಲೈಫ್" ಎಂಬ ಒಂದೇ ನಿಧಿ ಕಟ್ಟಿತು. ದಾನಿಗಳೆಲ್ಲ ಒಂದೇ ಸಲ ಒಪ್ಪಿ ಹಣ ತೊಡಗಿಸಬೇಕು, ವರ್ಷ ಕಳೆದಂತೆ ಹೊರಗಿನ ಪಾಲು ಇಳಿಯುತ್ತ ಸರ್ಕಾರದ ಪಾಲು ಏರಬೇಕು. ಅದಕ್ಕೆ ಹಸಿರು ಹವಾಮಾನ ನಿಧಿಯೂ ಸುಮಾರು 2.66 ಕೋಟಿ ಡಾಲರ್ ಕೊಟ್ಟಿತು. ಸಣ್ಣ ದೇಶ, ಗಟ್ಟಿ ಆಡಳಿತ, ಹೇಳಿಕೊಳ್ಳಲು ಒಂದು ಸ್ಪಷ್ಟ ಕಥೆ. ನೇಪಾಳಕ್ಕೆ ಇಷ್ಟು ಸುಲಭವಲ್ಲ.

ಬುಗ್ಗೆ

ಎಲ್ಲರೂ ಪ್ರವಾಹ, ಕಾಡು ಎಂದು ಮಾತಾಡುತ್ತಿದ್ದೀರಿ. ಸದ್ದಿಲ್ಲದೆ ಆಗುವ ನಷ್ಟ ಯಾರ ಲೆಕ್ಕಕ್ಕೆ?

ಮೇಲು ಮುಸ್ತಾಂಗ್‌ನಲ್ಲಿ ಧೇ ಎಂಬ ಹಳ್ಳಿ ಇದೆ. ನೀರಿನ ಮೂಲ ಬತ್ತುತ್ತ ಬಂದು ಹೊಲ ಬೀಳುಬಿಟ್ಟು ಜನ ಬೇರೆ ಕಡೆ ಊರು ಕಟ್ಟಿಕೊಳ್ಳಬೇಕಾಯಿತು. ಸಾಮ್‌ಜೋಂಗ್ ಎಂಬ ಊರಿನ ಕಥೆಯೂ ಅದೇ. 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ನಷ್ಟ ಮತ್ತು ಹಾನಿ ನಿಧಿ ಮಾಡುತ್ತೇವೆ ಎಂದು ಒಪ್ಪಿದರು, 2023ರಲ್ಲಿ ದುಬೈನಲ್ಲಿ ಅದಕ್ಕೆ ಜೀವ ಬಂತು. ಪ್ರವಾಹ ಬಂದರೆ ತಾರೀಖು ಇರುತ್ತದೆ, ಫೋಟೊ ಇರುತ್ತದೆ, ಕೊಚ್ಚಿಹೋದ ಸೇತುವೆಯ ಅಂದಾಜು ಪಟ್ಟಿ ಇರುತ್ತದೆ. 2021ರ ಜೂನ್‌ನಲ್ಲಿ ಮೇಲಂಚಿಯ ಪ್ರವಾಹ ಕಾಠ್ಮಂಡುವಿಗೆ ಕುಡಿಯುವ ನೀರು ತಿರುಗಿಸುವ ಕಟ್ಟೆಯನ್ನೇ ಕೆಸರಿನಲ್ಲಿ ಹೂತುಹಾಕಿದಾಗ ಇಡೀ ದೇಶ ನೋಡಿತು. ಬುಗ್ಗೆ ಬತ್ತಿದ ತಾರೀಖು ಯಾವುದು? ಮೊದಲು ಎರಡು ಕೊಡ ತುಂಬುವ ಹೊತ್ತಿಗೆ ಈಗ ಒಂದು ತುಂಬುತ್ತದೆ ಎಂದು ಹೆಂಗಸರಿಗೆ ಗೊತ್ತಿರುತ್ತದೆ. ಆ ಲೆಕ್ಕ ಯಾವ ಕಚೇರಿಯಲ್ಲೂ ಇರುವುದಿಲ್ಲ.

ಕಡತ

ಬುಗ್ಗೆಯವರು ಗಾಯಕ್ಕೇ ಕೈ ಇಟ್ಟರು. ನನ್ನದೇ ಒಂದು ಅನುಭವ ಹೇಳುತ್ತೇನೆ, ಸಂಸ್ಥೆಯ ಹೆಸರು ಬೇಡ. ಒಂದು ಕಣಿವೆಯ ಏಳೆಂಟು ಊರುಗಳಿಗೆ ನೀರಿನ ಮೂಲ ಉಳಿಸುವ ಪ್ರಸ್ತಾವನೆ ಬರೆದಿದ್ದೆವು. ಅದು ಒಂದೇ ಪ್ರಶ್ನೆ ಹೊತ್ತು ಹಿಂದಿರುಗಿತು: "ಇದು ಹವಾಮಾನ ಬದಲಾವಣೆಯ ಪರಿಣಾಮವೋ, ಮಾಮೂಲಿ ಅಭಿವೃದ್ಧಿಯ ಕೊರತೆಯೋ? ಮೂವತ್ತು ವರ್ಷದ ಮಳೆ, ತಾಪಮಾನದ ದಾಖಲೆ ಲಗತ್ತಿಸಿ." ಪ್ರಶ್ನೆ ನ್ಯಾಯವಾದದ್ದೇ. ಭೂಕಂಪದಿಂದ, ರಸ್ತೆ ಅಗೆದದ್ದರಿಂದಲೂ ಬುಗ್ಗೆ ಬತ್ತುತ್ತದೆ. ಆದರೆ ಆ ಕಣಿವೆಯಲ್ಲಿ ಮಳೆ ಅಳೆಯುವ ಕೇಂದ್ರವೇ ಇರಲಿಲ್ಲ. ಹತ್ತಿರದ್ದು ಒಂದು ಪರ್ವತ ಸಾಲಿನಾಚೆ. ಬೆಟ್ಟದಲ್ಲಿ ಒಂದು ಸಾಲು ದಾಟಿದರೆ ಮಳೆಯ ಜಾತಕವೇ ಬೇರೆ. ಇಲ್ಲದ ದಾಖಲೆಯನ್ನು ಎಲ್ಲಿಂದ ತರುವುದು? ಪ್ರಸ್ತಾವನೆ ಅಲ್ಲಿಗೇ ಸತ್ತಿತು.

ಅಂದಿನಿಂದ ನನ್ನ ಅಭಿಪ್ರಾಯ ಒಂದೇ. ಈ ಒಪ್ಪಂದಗಳ ದುಡ್ಡು ಹೆಚ್ಚು ನೊಂದವರ ಮನೆಗೆ ಹೋಗುವುದಿಲ್ಲ, ನೋವನ್ನು ಅಳೆದು ಬರೆದಿಟ್ಟವರ ಮನೆಗೆ ಹೋಗುತ್ತದೆ. ಆದ್ದರಿಂದ ಬೆಟ್ಟದ ದೇಶವೊಂದು ಸಿಕ್ಕ ಮೊದಲ ದುಡ್ಡನ್ನು ಮಳೆಮಾಪಕ, ನದಿಮಾಪಕ, ಬುಗ್ಗೆಗಳ ದಾಖಲೆ ಪುಸ್ತಕಗಳಿಗೆ ಸುರಿಯಬೇಕು. ಕಟ್ಟಡದಂತೆ ಅದನ್ನು ಮಂತ್ರಿಗಳಿಂದ ಉದ್ಘಾಟನೆ ಮಾಡಿಸಲಾಗದು, ಆದರೂ ಸುರಿಯಬೇಕು.

ಎರಡನೆಯದು, ಸ್ವಂತ ಬಾಗಿಲು. ಹಸಿರು ಹವಾಮಾನ ನಿಧಿಯಿಂದ ನೇಪಾಳಕ್ಕೆ ಬಂದ ಮೊದಲ ದೊಡ್ಡ ಯೋಜನೆ ಚುರಿಯಾ ಬೆಟ್ಟಸಾಲಿನದು, 2019ರಲ್ಲಿ ಒಪ್ಪಿಗೆಯಾಯಿತು. ತಂದದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ಗಂಡಕಿ ಜಲಾನಯನದ್ದನ್ನು ತಂದದ್ದೂ ಒಂದು ಅಂತರರಾಷ್ಟ್ರೀಯ ಸಂಸ್ಥೆಯೇ. ಅವರಿಗೆ ಅನುಭವವಿದೆ, ಅದಕ್ಕೆ ತಕ್ಕ ಶುಲ್ಕವೂ ಇದೆ. ಈಚೆಗೆ ಲೆಕ್ಕಿಗರು ಹೇಳಿದ ಪರ್ಯಾಯ ಇಂಧನ ಕೇಂದ್ರದಂಥ ನೇಪಾಳದ್ದೇ ಸಂಸ್ಥೆಗಳು ನೇರವಾಗಿ ಅರ್ಜಿ ಹಾಕುವ ಮಾನ್ಯತೆ ಪಡೆದಿವೆ. ಮಾನ್ಯತೆ ಪಡೆಯಲು ಲೆಕ್ಕಪತ್ರ, ಖರೀದಿ ನಿಯಮ, ದೂರು ಪರಿಹಾರ ಎಲ್ಲವನ್ನೂ ತಿದ್ದಿಕೊಳ್ಳಬೇಕು. ವರ್ಷಗಟ್ಟಲೆ ಹಿಡಿಯುತ್ತದೆ. ಹಿಡಿಯಲಿ.

ಲೆಕ್ಕಿಗ

ದುಡ್ಡು ಕಾಠ್ಮಂಡುವಿಗೆ ಬಂದರೆ ಸಾಕೇ? ಅಲ್ಲಿಂದ ಬೆಟ್ಟ ಹತ್ತಬೇಡವೇ?

ಕಡತ

ಕಾಗದದ ಮೇಲೆ ಹತ್ತಿದೆ. 2011ರ ಹವಾಮಾನ ನೀತಿಯಲ್ಲೇ ನೇಪಾಳ, ಬಂದ ಹಣದಲ್ಲಿ ಶೇ 80ರಷ್ಟಾದರೂ ಸ್ಥಳೀಯ ಮಟ್ಟಕ್ಕೆ ಹೋಗಬೇಕು ಎಂದು ಬರೆದುಕೊಂಡಿತು. ಅಷ್ಟು ಧೈರ್ಯದ ಮಾತನ್ನು ಆಗ ಬರೆದ ದೇಶಗಳು ವಿರಳ. ಅದೇ ವರ್ಷ ಸ್ಥಳೀಯ ಹೊಂದಾಣಿಕೆ ಯೋಜನೆ ಎಂಬ ಚೌಕಟ್ಟನ್ನೂ ತಂದಿತು. ಈಗ 753 ಸ್ಥಳೀಯ ಸರ್ಕಾರಗಳಿವೆ. ಆದರೆ ಸಮಾಲೋಚಕರ ಸಂಬಳ, ತರಬೇತಿ ಕಾರ್ಯಾಗಾರ, ಹೋಟೆಲ್ ಸಭಾಂಗಣದ ಬಾಡಿಗೆ ಎಲ್ಲವನ್ನೂ "ಸ್ಥಳೀಯ" ಎಂದು ಬರೆಯುವ ಕಲೆ ನಮಗೆಲ್ಲ ಗೊತ್ತಿತ್ತು. ನಾನೂ ಬರೆದಿದ್ದೇನೆ, ಸುಳ್ಳೇಕೆ ಹೇಳಲಿ.

ಮೂರನೇಬೆಂಚು

ಈ ಪ್ರಾಮಾಣಿಕತೆಗೆ ಮೆಚ್ಚಿದೆ. ಆದರೂ ನನ್ನ ಮಾತು ಬಿಡುವುದಿಲ್ಲ. ನೇಪಾಳಕ್ಕೆ ಈಚೆಗೆ ನಿಜವಾಗಿ ಲಾಭವಾದದ್ದು ಯಾವುದು ನೋಡಿ: ವಿದ್ಯುತ್ ಕಾರು. ಈಗ ಅಲ್ಲಿಗೆ ಆಮದಾಗುವ ಹೊಸ ಕಾರುಗಳಲ್ಲಿ ಹೆಚ್ಚಿನವು ವಿದ್ಯುತ್ತಿನವು. ಅದು ಯಾವ ನಿಧಿಯ ದಾನವೂ ಅಲ್ಲ. ಪೆಟ್ರೋಲ್ ಕಾರಿಗೆ ಹೇರಿದಷ್ಟು ತೆರಿಗೆಯನ್ನು ಇದಕ್ಕೆ ಹೇರಲಿಲ್ಲ, ನದಿಯ ಕರೆಂಟು ಮನೆಯಲ್ಲೇ ಇತ್ತು, 2015ರಲ್ಲಿ ಗಡಿಯಲ್ಲಿ ಇಂಧನ ನಿಂತಾಗ ಪೆಟ್ರೋಲ್ ಬಂಕಿನ ಮುಂದೆ ರಾತ್ರಿಯೆಲ್ಲ ಸರದಿ ನಿಂತ ನೆನಪೂ ಇತ್ತು. ತಮ್ಮ ಕೆಲಸ ತಾವೇ ಮಾಡಿಕೊಂಡರು.

ಲೆಕ್ಕಿಗ

ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. 2030ರ ಹೊತ್ತಿಗೆ ಮಾರಾಟವಾಗುವ ಖಾಸಗಿ ವಾಹನಗಳಲ್ಲಿ ಶೇ 90 ವಿದ್ಯುತ್ತಿನವಾಗಿರಬೇಕು ಎಂದು 2020ರಲ್ಲಿ ಪ್ಯಾರಿಸ್ ಒಪ್ಪಂದದ ಅಡಿಯಲ್ಲೇ ನೇಪಾಳ ಬರೆದುಕೊಟ್ಟಿತ್ತು. ಬಜೆಟ್ ಬರೆಯುವಾಗ ತೆರಿಗೆ ಏರಿಸಬೇಕೆನ್ನುವವರ ಎದುರು ಹಿಡಿಯಲು ಅಂಥ ಒಂದು ಕಾಗದ ಇದ್ದರೆ ಉಪಯೋಗವಾಗುತ್ತದೆ. ಹಣ ತರದ ಒಪ್ಪಂದವೂ ಹೀಗೆ ಕೆಲಸಕ್ಕೆ ಬರುವುದುಂಟು.

ಹಿಮದಾರಿ

ಎಲ್ಲರಿಗೂ ಧನ್ಯವಾದ. ಗೇಟಿನ ಪ್ರಶ್ನೆ ಕೇಳಿ ಇಷ್ಟೊಂದು ಕಲಿತೆ. ನಡುವೆ ಇನ್ನೊಂದು ಕೆಲಸ ಮಾಡಿದೆ. ಅಲ್ಲಿ ನಾನು ಉಳಿದಿದ್ದ ವಸತಿಗೃಹದ ಅಕ್ಕನಿಗೆ ಸಂದೇಶ ಕಳಿಸಿ, ಊರಿನ ಸೈರನ್ ಈಗ ಕೂಗುತ್ತದೆಯೇ ಎಂದು ಕೇಳಿದೆ. ಅವರ ಉತ್ತರ: "ಕಂಬ ಇದೆ. ಬ್ಯಾಟರಿ ನೋಡಲು ಯಾರಾದರೂ ಬಂದದ್ದು ನನಗೆ ನೆನಪಿಲ್ಲ." ಒಂದು ಕಂಬದ ಮಾತಿನಿಂದ ಇಡೀ ವ್ಯವಸ್ಥೆಯನ್ನು ಅಳೆಯುವುದಿಲ್ಲ. ಆದರೂ ಕಡತ ಅವರೇ, ಹೇಳಿ: ಆ ಬ್ಯಾಟರಿಯ ಖರ್ಚನ್ನು ನಿಮ್ಮ ಪ್ರಸ್ತಾವನೆಗಳಲ್ಲಿ ಎಲ್ಲಿ ಬರೆಯುತ್ತೀರಿ?

ಕಡತ

ತ್ಸೊ ರೊಲ್ಪಾದಲ್ಲೂ ಇದೇ ಆದದ್ದು. 1998ರಲ್ಲಿ ಕೂರಿಸಿದ ಎಚ್ಚರಿಕೆಯ ವ್ಯವಸ್ಥೆ ಕೆಲವೇ ವರ್ಷಗಳಲ್ಲಿ ಮೂಕವಾಯಿತು.

ಬ್ಯಾಟರಿಯ ಖರ್ಚು ಕೊನೆಯ ಪುಟಗಳಲ್ಲಿ, ನಿರ್ವಹಣೆ ಎಂಬ ತಲೆಬರಹದ ಕೆಳಗೆ ಬರುತ್ತದೆ. ಯೋಜನೆ ಮುಗಿದ ಮೇಲೆ ನಿಧಿ ಒಂದು ಪೈಸೆಯನ್ನೂ ಕೊಡುವುದಿಲ್ಲ, ಆದ್ದರಿಂದ ಅಲ್ಲಿ ಒಂದೇ ಸಾಲು ಇರುತ್ತದೆ: "ಈ ವೆಚ್ಚವನ್ನು ಸರ್ಕಾರ ಭರಿಸತಕ್ಕದ್ದು." ಯಾವ ಇಲಾಖೆ, ಯಾವ ಲೆಕ್ಕಶೀರ್ಷಿಕೆ, ವರ್ಷಕ್ಕೆ ಎಷ್ಟು ನೇಪಾಳಿ ರೂಪಾಯಿ ಎಂದು ನಾನು ಯಾರನ್ನೂ ಕೇಳಿ ಬರೆಸಲಿಲ್ಲ. ಕೇಳಿದ್ದರೆ ಪ್ರಸ್ತಾವನೆ ಇನ್ನೂ ಆರು ತಿಂಗಳು ತಡವಾಗುತ್ತಿತ್ತು, ಮೇಲಿನವರು ಬೈಯುತ್ತಿದ್ದರು. ಆ ಸಾಲನ್ನು ಒಂದು ಕಡತದಿಂದ ಇನ್ನೊಂದಕ್ಕೆ ಹಾಗೇ ನಕಲು ಮಾಡಿಕೊಂಡು ಬಂದೆ.